ದ್ವೀಪಕ್ಕೆ ಹೊರಡುವ ಮೊದಲು ಅವರ ಬಾವಿಯ ನೀರು ಲೆಕ್ಕ ಹಾಕಿ

ಕಳೆದ ತಿಂಗಳು ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. "ಡಿಸೆಂಬರ್ ರಜೆಗೆ ಎಲ್ಲರೂ ಲಕ್ಷದ್ವೀಪ. ಜನ ಇಲ್ಲದ, ಗಲಾಟೆ ಇಲ್ಲದ ಒಂದು ಸಣ್ಣ ದ್ವೀಪ ನೋಡಿ ಇಟ್ಟಿದ್ದೇನೆ. ಬರುವವರು ಹೆಸರು ಹಾಕಿ." ಹಾಕಿದ್ದು ನನ್ನ ಅಕ್ಕನ ಮಗ, ದುಬೈಯಲ್ಲಿ ಇರುವವನು. ಇಶಾ ನಮಾಝ್ ಆಗುವಷ್ಟರಲ್ಲಿ ನಲವತ್ತೆರಡು ಹೆಸರು ಬಿದ್ದಿತ್ತು. ಉಳ್ಳಾಲದಿಂದ ಹನ್ನೊಂದು, ಬಂದರಿನ ಮನೆಯಿಂದ ಒಂಬತ್ತು, ಗಲ್ಫಿನಿಂದ ಬರುವವರು ಹದಿನಾಲ್ಕು, ಉಳಿದವರು ಬೆಂಗಳೂರಿನವರು. ನಾನು ಮಾತ್ರ "ನನ್ನನ್ನು ಬಿಡಿ, ಸಾಧ್ಯವಾದರೆ ನೀವೂ ಬಿಡಿ" ಎಂದು ಬರೆದೆ. ಅಷ್ಟಕ್ಕೇ ಗ್ರೂಪಿನಲ್ಲಿ ಬೆಂಕಿ ಹತ್ತಿಕೊಂಡಿತು. "ಮಾಮ, ಬರಗಾಲದ ಊರಿನಲ್ಲಿ ಕೂತು ಕೂತು ನಿಮಗೆ ಸಮುದ್ರವೇ ಬೇಡವಾಗಿದೆ" ಎಂದು ಅಳಿಯ ಬರೆದ. ಅದಕ್ಕೆ ಹತ್ತಾರು ನಗುವ ಮುಖಗಳು.

ಅಳಿಯನ ಮಾತಿನಲ್ಲಿ ಅರ್ಧ ಸತ್ಯವಿದೆ. ಬರಗಾಲದ ಊರಿನಲ್ಲಿ ಕೂತದ್ದಕ್ಕೇ ನನಗೆ ಈ ಪ್ಲಾನಿನ ತಪ್ಪು ಕಾಣುತ್ತಿದೆ. ವಾಟ್ಸಾಪಿನಲ್ಲಿ ಇಷ್ಟುದ್ದದ ಉತ್ತರ ಬರೆಯಲಾಗುವುದಿಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ. ಇದು ನಮ್ಮ ಒಂದು ಮನೆಯ ಸಂಗತಿಯಾಗಿದ್ದರೆ ಬರೆಯುತ್ತಿರಲಿಲ್ಲ. ಈಗ ನಮ್ಮ ಬ್ಯಾರಿ ಮನೆಗಳಲ್ಲಿ ಎರಡರಲ್ಲೊಂದು ಮನೆಯಾದರೂ ಇದೇ ಮಾತು ಆಡುತ್ತಿದೆ.

ನಾನಿರುವುದು ಗುಡ್ಡಾಪುರದ ಬಳಿ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು. ನಕ್ಷೆಯಲ್ಲಿ ಮಹಾರಾಷ್ಟ್ರವಾದರೂ ಮಾತು ಕನ್ನಡ. ಹನ್ನೆರಡನೇ ಶತಮಾನದ ಶರಣೆ ದಾನಮ್ಮನ ಗುಡಿ ಇಲ್ಲಿದೆ. ಪ್ರತಿ ಅಮಾವಾಸ್ಯೆಗೂ ಭಕ್ತರು ಬರುತ್ತಾರೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗಂತೂ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ನಡೆದುಕೊಂಡೇ ಬರುತ್ತಾರೆ. ನಾನು ದಾರಿ ಬದಿಯಲ್ಲಿ ಬೇಕರಿ ಇಟ್ಟುಕೊಂಡು ಹದಿಮೂರು ವರ್ಷವಾಯಿತು. ಈ ಜನರಿಂದಲೇ ನನ್ನ ಹೊಟ್ಟೆ ತುಂಬಿದೆ. ಆದ್ದರಿಂದ ಹೊರಗಿನಿಂದ ಬರುವವರನ್ನು ಬೈಯುವ ಹಕ್ಕು ನನಗಿಲ್ಲ, ಬೈಯುವುದೂ ಇಲ್ಲ.

ಆದರೆ ಒಂದು ಸಂಗತಿ ಇಲ್ಲಿ ಕಲಿತೆ. ಜತ್ತದ ಪೂರ್ವಭಾಗ ಮಳೆ ಕಾಣದ ಸೀಮೆ. ನೀರಿಗಾಗಿ ಬೇಸತ್ತು 2012ರಲ್ಲಿ ಇಲ್ಲಿನ ಹಲವು ಗ್ರಾಮ ಪಂಚಾಯತ್‌ಗಳು "ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ" ಎಂದು ಠರಾವು ಮಾಡಿದ್ದವು. 2022ರಲ್ಲಿ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಆ ಠರಾವಿನ ಮಾತು ಎತ್ತಿದಾಗ ಎರಡು ರಾಜ್ಯಗಳ ನಡುವೆ ದೊಡ್ಡ ಜಗಳವೇ ಆಯಿತು. ಒಂದು ಕೊಡ ನೀರಿಗೆ ಊರಿಗೆ ಊರೇ ರಾಜ್ಯ ಬದಲಿಸಲು ತಯಾರಾಗುತ್ತದೆ ಎಂದರೆ ನೀರಿನ ಕಷ್ಟ ಎಂಥದ್ದು ಎಂದು ಲೆಕ್ಕ ಹಾಕಿ.

ಒಂದು ಬರದ ವರ್ಷ ಜನಸಂದಣಿಯ ದಿನ ನನ್ನ ಅಂಗಡಿಗೆ ಎರಡು ಟ್ಯಾಂಕರ್ ನೀರು ತರಿಸಿದೆ. ಬಂದವರು ಕೈಕಾಲು ತೊಳೆದರು, ಚಾ ಕುಡಿದರು, ಹೋದರು. ಗಲ್ಲಾ ತುಂಬಿತು. ಸಂಜೆ ಹಿಂದಿನ ಓಣಿಯ ಮುದುಕಿಯೊಬ್ಬಳು ಖಾಲಿ ಕೊಡ ಹಿಡಿದು ಬಂದು, "ಅಣ್ಣಾ, ನಿಮ್ಮ ಗಿರಾಕಿ ನೀರು ಚೆಲ್ಲಿ ಹ್ವಾದ್ರು. ನಾವು ಎಲ್ಲಿಗಿ ಹೋಗೂಣು?" ಎಂದು ಕೇಳಿದಳು. ಆ ಟ್ಯಾಂಕರ್ ತುಂಬಿಸಿದ್ದು ಅವಳ ಓಣಿಯವರು ಸೇದುತ್ತಿದ್ದ ಬಾವಿಯಿಂದ ಎಂದು ನನಗೆ ಆಗಲೇ ಗೊತ್ತಾದದ್ದು. ದುಡ್ಡು ಕೊಟ್ಟಿದ್ದೆ, ಕಳ್ಳತನ ಮಾಡಿರಲಿಲ್ಲ. ಆದರೂ ಅವಳ ಕೊಡ ಖಾಲಿಯೇ ಇತ್ತು.

ಈಗ ದ್ವೀಪದ ಸಂಗತಿಗೆ ಬರುತ್ತೇನೆ.

ಲಕ್ಷದ್ವೀಪದ ಎಲ್ಲ ದ್ವೀಪಗಳ ನೆಲ ಒಟ್ಟು ಸೇರಿಸಿದರೂ ಸುಮಾರು 32 ಚದರ ಕಿಲೋಮೀಟರ್. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯ ಪ್ರಕಾರ ಜನ 64 ಸಾವಿರಕ್ಕೂ ಹೆಚ್ಚು. ಅಲ್ಲಿ ಹೊಳೆ ಇಲ್ಲ, ತೊರೆ ಇಲ್ಲ, ಗುಡ್ಡವಿಲ್ಲ. ಸಮುದ್ರ ಮಟ್ಟದಿಂದ ಕೆಲವೇ ಮೀಟರ್ ಎತ್ತರದ, ಹವಳದ ಮರಳಿನ ನೆಲ. ಮಳೆಗಾಲದಲ್ಲಿ ಬಿದ್ದ ನೀರು ಆ ಮರಳಿನೊಳಗೆ ಇಳಿದು, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಾ ನಿಂತಿರುತ್ತದೆ. ಹಾಲಿನ ಮೇಲಿನ ಕೆನೆಯ ಹಾಗೆ. ಅವರ ಬಾವಿಗಳು ಆ ಕೆನೆಗೆ ಇಳಿಸಿದ ಚಮಚಗಳು. ಮೆಲ್ಲಗೆ ತೆಗೆದರೆ ಸಿಹಿನೀರು. ಪಂಪು ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಮಳೆಗಾಲಕ್ಕೆ ಕಾಯಬೇಕು. ಇನ್ನೂ ಒಂದು ಸಂಗತಿ ಇದೆ, ಪ್ರವಾಸದ ವಿಡಿಯೋದಲ್ಲಿ ಯಾರೂ ತೋರಿಸುವುದಿಲ್ಲ. ಪಾಯಿಖಾನೆಯ ಗುಂಡಿಯ ನೀರು ಇಳಿಯುವುದೂ ಅದೇ ಮರಳಿಗೆ. ಹೆಚ್ಚು ಜನ ಬಂದಷ್ಟು ಮೇಲಿನಿಂದ ನೀರು ಖಾಲಿ, ಒಳಗಿನಿಂದ ನೀರು ಹಾಳು.

"ಈಗ ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟ್ ಇದೆಯಲ್ಲ" ಎಂದು ಗ್ರೂಪಿನಲ್ಲಿ ಒಬ್ಬರು ಬರೆದರು. ಇದೆ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ಮೊದಲನೆಯದನ್ನು ಕಟ್ಟಿತು. 2011ರಲ್ಲಿ ಅಗತ್ತಿ ಮತ್ತು ಮಿನಿಕಾಯ್‌ಗೂ ಬಂತು. ಒಳ್ಳೆಯ ಕೆಲಸ, ಮೆಚ್ಚಬೇಕು. ಆದರೆ ಕವರತ್ತಿಯ ಆ ಪ್ಲಾಂಟ್ ಕೊಡುವುದು ದಿನಕ್ಕೆ ಒಂದು ಲಕ್ಷ ಲೀಟರ್. ಆಗಿನ ಗಣತಿಯಲ್ಲಿ ಅಲ್ಲಿನ ಜನ ಹನ್ನೊಂದು ಸಾವಿರ. ಒಬ್ಬರಿಗೆ ಒಂಬತ್ತು ಲೀಟರ್ ಆಯಿತು, ಕುಡಿಯಲಿಕ್ಕೆ, ಗಂಜಿ ಬೇಯಿಸಲಿಕ್ಕೆ. ಮತ್ತು ಅದನ್ನು ನಡೆಸುವ ಕರೆಂಟು ಹೆಚ್ಚಾಗಿ ಡೀಸೆಲ್‌ನಿಂದ. ಆ ಡೀಸೆಲ್ ಕೂಡ ಹಡಗಿನಲ್ಲಿಯೇ ಬರಬೇಕು.

ನಮ್ಮ ಮಂದಿಯ ಲೆಕ್ಕ ನೋಡಿ. ಸಮುದ್ರದಲ್ಲಿ ಆಡಿ ಬಂದ ಮೇಲೆ ಒಂದು ಶವರ್, ಮಲಗುವ ಮೊದಲು ಇನ್ನೊಂದು, ಐದು ಹೊತ್ತು ವುಳೂ, ಬಟ್ಟೆ ಹಿಂಡುವುದು, ಫ್ಲಶ್. ಒಬ್ಬರಿಗೆ ದಿನಕ್ಕೆ ನೂರು ಲೀಟರ್ ಎಂದು ಹಿಡಿದರೂ ಕಡಿಮೆಯೇ. ನಲವತ್ತೆರಡು ಜನಕ್ಕೆ 4,200 ಲೀಟರ್. ಒಂಬತ್ತು ಲೀಟರ್ ಲೆಕ್ಕದಲ್ಲಿ ಅದು 460ಕ್ಕೂ ಹೆಚ್ಚು ದ್ವೀಪವಾಸಿಗಳ ಒಂದು ದಿನದ ಕುಡಿಯುವ ನೀರಿನಷ್ಟು. ಅಳಿಯ "ಜನ ಇಲ್ಲದ ಸಣ್ಣ ದ್ವೀಪ" ಎಂದು ಹುಡುಕಿ ಇಟ್ಟಿದ್ದಾನಲ್ಲ, ಸಣ್ಣದಾದಷ್ಟೂ ಆ ನೀರಿನ ಕೆನೆ ತೆಳು. ಅಲ್ಲಿ ಗಲಾಟೆ ಇಲ್ಲದಿರುವುದು ನಮ್ಮಂಥ ನಲವತ್ತೆರಡು ಜನ ಒಟ್ಟಿಗೆ ಇನ್ನೂ ಹೋಗಿಲ್ಲ ಎಂಬ ಕಾರಣಕ್ಕೆ.

ಇಷ್ಟು ಹೇಳಿದರೆ ನಮ್ಮವರಲ್ಲಿ ಒಂದು ಉತ್ತರ ರೆಡಿ ಇದೆ. "ಅವರು ಞಮ್ಮಲೊ ಅಲ್ಲವಾ? ನಮ್ಮದೇ ದೀನ್, ನಮ್ಮದೇ ಊಟ, ಹೆಚ್ಚುಕಮ್ಮಿ ನಮ್ಮದೇ ಮಾತು. ಬೇರೆಯವರು ಹೋಗಿ ಕುಡಿದು ಕುಣಿಯುವುದಕ್ಕಿಂತ ನಾವು ಹೋಗುವುದು ಒಳ್ಳೆಯದಲ್ಲವಾ?"

ನಮ್ಮವರು ಹೌದು. ಎಷ್ಟು ನಮ್ಮವರು ಎಂಬುದು ಗ್ರೂಪಿನ ಹುಡುಗರಿಗೆ ಗೊತ್ತಿಲ್ಲ ಎಂಬುದೇ ನನ್ನ ಬೇಸರ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಐದು ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವೇ ಆಗಿದ್ದವು. 1780ರ ದಶಕದಲ್ಲಿ ಅಮಿನಿಯ ಜನ ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತ ಬೇಡವೆಂದು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆ ಹೊಕ್ಕರು. ಟಿಪ್ಪುವಿನ ನಂತರ ಅವು ಬ್ರಿಟಿಷರ ಕೈಗೆ ಬಂದು ಮಂಗಳೂರಿನ ಕಲೆಕ್ಟರರ ಅಧೀನದಲ್ಲಿ ಉಳಿದವು. ದ್ವೀಪದವರು ತೆಂಗಿನ ನಾರಿನ ಹುರಿ ಹೊಸೆದು ಮಂಜಿಯಲ್ಲಿ ಮಂಗಳೂರಿಗೆ ತಂದು ಸರ್ಕಾರಕ್ಕೆ ಒಪ್ಪಿಸಬೇಕು, ಬದಲಿಗೆ ಅಕ್ಕಿ ಒಯ್ಯಬೇಕು. ಹುರಿಯ ಬೆಲೆ ನಿಗದಿ ಮಾಡುವವರು ಸರ್ಕಾರದವರು. ನಮ್ಮ ಅಜ್ಜನ ಕಾಲದವರು ಬಂದರಿನ ದಕ್ಕೆಯಲ್ಲಿ ಆ ಮಂಜಿಗಳಿಂದ ಕೊಬ್ಬರಿ ಇಳಿಸಿ, ಅಕ್ಕಿ, ನೀರುಳ್ಳಿ, ಹಂಚು ಏರಿಸಿ ಬದುಕಿದವರು. ಅಲ್ಲಿಯ ಜೆಸರಿ ಮಾತಿನಲ್ಲಿ ಪಕಾರ ಫಕಾರವಾಗುತ್ತದೆ, ನಮ್ಮ ಬ್ಯಾರಿಯಲ್ಲಿ ವಕಾರ ಬಕಾರವಾಗುತ್ತದೆ. ಎರಡು ಮನೆಯವರೂ ಒಂದೇ ಬೇರಿನವರು. ಇಂದಿಗೂ ಅಲ್ಲಿ ಮನೆ ಕಟ್ಟಬೇಕಾದರೆ ಜಲ್ಲಿ, ಸಿಮೆಂಟು ನಮ್ಮ ಹಳೆ ಬಂದರಿನಿಂದ ಹೋಗುತ್ತದೆ, ತರಕಾರಿಯೂ ಹೋಗುತ್ತದೆ.

ಹಾಗಾದರೆ ನಮ್ಮವರ ಜೊತೆ ನಾವು ಹೇಗೆ ನಡೆದುಕೊಂಡಿದ್ದೇವೆ? ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಬಂದರಿನ ನಮ್ಮ ಮನೆಯ ಹಿಂದೆ ಎರಡು ಕೋಣೆಗಳಿದ್ದವು. ದ್ವೀಪದವರು ಆಸ್ಪತ್ರೆಗೆಂದು ಮಂಗಳೂರಿಗೆ ಬಂದಾಗ ಬಾಡಿಗೆಗೆ ಕೊಡುತ್ತಿದ್ದೆವು. ಒಮ್ಮೆ ಒಂದು ಕುಟುಂಬ ಮಗುವಿನ ಆಪರೇಷನ್‌ಗೆ ಬಂದಿತು. ಹಿಂದೆ ಹೋಗುವ ಹಡಗು ಸಿಗದೆ ಮೂರು ವಾರ ಉಳಿಯಬೇಕಾಯಿತು. ಅವರಿಗೆ ಬೇರೆ ದಾರಿ ಇಲ್ಲ ಎಂದು ಗೊತ್ತಾದ ಕೂಡಲೇ ನಮ್ಮ ಮನೆಯ ಹಿರಿಯರು ಬಾಡಿಗೆಯನ್ನು ಒಂದೂವರೆ ಪಟ್ಟು ಮಾಡಿದರು. ನೀರಿಗೆ ಬೇರೆ ಕಾಸು. ಬಾವಿಯಲ್ಲಿ ನೀರು ಧಾರಾಳ ಇತ್ತು. ನಾನಾಗ ಕಾಲೇಜು ಹುಡುಗ, ಕಾಸು ಎಣಿಸಿ ತೆಗೆದುಕೊಂಡದ್ದು ನಾನೇ. ಆ ಮಗುವಿನ ಉಪ್ಪ ಒಂದು ಮಾತೂ ಆಡದೆ ಕೊಟ್ಟರು. ಹೋಗುವಾಗ ನನ್ನ ಉಮ್ಮನ ಕೈಗೆ ದ್ವೀಪದ ಬೆಲ್ಲ ಮತ್ತು ಒಣಗಿಸಿದ ಮಾಸ್ ಮೀನಿನ ಪೊಟ್ಟಣ ಇಟ್ಟು ಹೋದರು. ಉಮ್ಮ ಅದನ್ನು ತಿನ್ನಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು.

ನೀರು ತುಂಬಿದ ಬಾವಿಯ ಪಕ್ಕದಲ್ಲಿ ಅವರಿಂದ ನೀರಿಗೆ ಕಾಸು ತೆಗೆದುಕೊಂಡವರು ನಾವು. ಈಗ ನೀರಿಲ್ಲದ ಅವರ ನೆಲಕ್ಕೆ ಹೋಗಿ ದಿನಕ್ಕೆ ಎರಡು ಸಲ ಶವರ್ ಮಾಡುತ್ತೇವೆ ಎನ್ನುವವರೂ ನಾವೇ. "ಞಮ್ಮಲೊ" ಎಂಬ ಮಾತು ನಮ್ಮ ಬಾಯಿಗೆ ಬರುವುದು ನಮಗೆ ಏನಾದರೂ ಬೇಕಾದಾಗ ಮಾತ್ರ.

ಪರ್ಮಿಟ್ ಸಂಗತಿಯೂ ಹೀಗೆಯೇ. 1967ರ ನಿಯಮದ ಪ್ರಕಾರ ದ್ವೀಪದವರಲ್ಲದ ನಾವು ಅಲ್ಲಿಗೆ ಕಾಲಿಡಲು ಅನುಮತಿ ಬೇಕು. ಅಧಿಕೃತ ಪ್ಯಾಕೇಜಿನಲ್ಲಿ ಹೋಗಬೇಕು, ಇಲ್ಲವೇ ಅಲ್ಲಿನವರೊಬ್ಬರು "ಇವರು ನನ್ನ ಅತಿಥಿಗಳು" ಎಂದು ಬರೆದುಕೊಡಬೇಕು. ಸಣ್ಣ ಜನಾಂಗದ ಸಣ್ಣ ನೆಲವನ್ನು ಕಾಪಾಡಲು ಮಾಡಿದ ನಿಯಮ ಅದು. ನಮ್ಮ ಗ್ರೂಪಿನಲ್ಲಿ ನಡೆದ ಚರ್ಚೆ ಏನು ಗೊತ್ತಾ? "ಸ್ಪಾನ್ಸರ್ ಮಾಡಲು ಯಾರಾದರೂ ಸಿಗುತ್ತಾರಾ? ತಲೆಗೆ ಎಷ್ಟು ಕೇಳುತ್ತಾರೆ?" ಮುಖ ನೋಡದ ಒಬ್ಬನಿಗೆ ದುಡ್ಡು ಕೊಟ್ಟು "ನಾನು ನಿನ್ನ ನೆಂಟ" ಎಂದು ಸುಳ್ಳು ಬರೆಸುವುದು. ನಾಳೆ ನಮ್ಮಿಂದ ಏನಾದರೂ ತಪ್ಪಾದರೆ ಪೊಲೀಸರು ಕರೆಯುವುದು ಆ ಬಡವನನ್ನು. ಇದನ್ನೇ ನಮ್ಮ ಮಗಳ ಮದುವೆಗೆ ಯಾರಾದರೂ ಮಾಡಿದರೆ, ಕಾಗದ ಕೊಂಡುಕೊಂಡು ನೆಂಟರಾಗಿ ಬಂದು ಕೂತರೆ, ನಾವು ಸುಮ್ಮನಿರುತ್ತೇವಾ?

ಎರಡನೇ ಉತ್ತರ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ಬರೆದದ್ದು ನನ್ನ ತಂಗಿ. "ಕಾಕ, ಪ್ರವಾಸಿಗರು ಬರದಿದ್ದರೆ ಆ ಹುಡುಗರಿಗೆ ಕೆಲಸ ಎಲ್ಲಿಂದ? ಮೀನು, ತೆಂಗು ಬಿಟ್ಟರೆ ಅಲ್ಲಿ ಏನಿದೆ? ನೀವೇ ಗುಡ್ಡಾಪುರದ ಭಕ್ತರಿಂದ ಬದುಕುತ್ತಿದ್ದೀರಿ. ಅವರು ಬದುಕಬಾರದಾ?"

ತಂಗಿಯ ಪ್ರಶ್ನೆ ನ್ಯಾಯವಾದದ್ದು. ಪ್ರವಾಸಿಗರೇ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕೋ ಬೇಡವೋ, ಎಷ್ಟು ಬೇಕು ಎಂದು ಹೇಳುವ ಬಾಯಿ ಅವರದ್ದಾಗಿರಬೇಕು ಎನ್ನುತ್ತೇನೆ. ಆ ಬಾಯಿ ಈಗ ಅವರಿಗೆ ಎಷ್ಟಿದೆ? 2021ರಲ್ಲಿ ಲಕ್ಷದ್ವೀಪ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಬಂತು. ಅಭಿವೃದ್ಧಿಯ ಹೆಸರಿನಲ್ಲಿ ಯಾರ ನೆಲವನ್ನೂ ಯೋಜನೆಗೆ ಸೇರಿಸಬಹುದು ಎಂಬ ಭಯದಿಂದ ಆ ವರ್ಷದ ಜೂನ್ 7ರಂದು ದ್ವೀಪದ ಜನ ತಮ್ಮ ತಮ್ಮ ಮನೆಗಳಲ್ಲೇ ಹನ್ನೆರಡು ಗಂಟೆ ಉಪವಾಸ ಕೂತರು. ಆಗ ನಮ್ಮ ಇದೇ ನಲವತ್ತೆರಡು ಜನರಲ್ಲಿ ಎಷ್ಟು ಮಂದಿ "ಲಕ್ಷದ್ವೀಪ ಉಳಿಸಿ" ಎಂದು ಸ್ಟೇಟಸ್ ಹಾಕಿದ್ದರು! ನಾನೂ ಹಾಕಿದ್ದೆ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋದ ಫೋಟೋಗಳು ಬಂದವು, ಮಾಲ್ಡೀವ್ಸ್ ಜೊತೆ ಜಗಳವಾಯಿತು, ದೇಶಕ್ಕೆ ದೇಶವೇ ಲಕ್ಷದ್ವೀಪ ಹುಡುಕತೊಡಗಿತು. ನಮ್ಮ ಸ್ಟೇಟಸ್ ಕೂಡ "ಉಳಿಸಿ"ಯಿಂದ "ಹೋಗೋಣ"ಕ್ಕೆ ಬದಲಾಯಿತು. ಎರಡು ಸ್ಟೇಟಸ್‌ಗಳ ನಡುವೆ ದ್ವೀಪದವರ ಒಂದು ಮಾತನ್ನಾದರೂ ನಾವು ಕೇಳಿದೆವಾ?

2023ರ ಜನವರಿಯಲ್ಲಿ ತಾಜ್ ಹೋಟೆಲ್ ಕಂಪನಿ ಸುಹೇಲಿ ಮತ್ತು ಕಡಮತ್ ದ್ವೀಪಗಳಲ್ಲಿ ರೆಸಾರ್ಟ್ ಕಟ್ಟುವುದಾಗಿ ಪ್ರಕಟಿಸಿತು. ಕಾನೂನಿನಲ್ಲಿ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ದುಡ್ಡು ದೊಡ್ಡ ರೆಸಾರ್ಟಿಗೆ ಹೋದರೆ ಕಡಮತ್‌ನ ಮೀನುಗಾರನ ಮನೆಗೆ ಅದರಲ್ಲಿ ಎಷ್ಟು ಬರುತ್ತದೆ ಎಂದು ತಂಗಿ ಕೇಳಲಿ. ಬಿತ್ರಾ ನೋಡಿ. ಜನವಸತಿಯ ದ್ವೀಪಗಳಲ್ಲಿ ಅತಿ ಸಣ್ಣದು, ಸುಮಾರು ಇಪ್ಪತ್ತಾರು ಎಕರೆ, ನಮ್ಮ ಕಡೆಯ ಒಂದು ದೊಡ್ಡ ಅಡಿಕೆ ತೋಟದಷ್ಟು. 2011ರಲ್ಲಿ ಅಲ್ಲಿದ್ದವರು 271 ಜನ. 2025ರ ಜುಲೈಯಲ್ಲಿ ಆ ದ್ವೀಪವನ್ನು ರಕ್ಷಣಾ ಉದ್ದೇಶಕ್ಕೆ ಸ್ವಾಧೀನ ಮಾಡಿಕೊಳ್ಳುವ ಬಗ್ಗೆ ಸಾಮಾಜಿಕ ಪರಿಣಾಮ ಅಧ್ಯಯನದ ಅಧಿಸೂಚನೆ ಹೊರಟಿತು. ಒಂದು ಕಾಲದಲ್ಲಿ ನಮ್ಮ ಜಿಲ್ಲೆಯದೇ ಆಗಿದ್ದ ಊರು ಅದು. ಅಂದು ನಮ್ಮ ಗ್ರೂಪಿನಲ್ಲಿ ಬಂದಿದ್ದ ಮೆಸೇಜುಗಳು ಬಿರಿಯಾನಿ ಫೆಸ್ಟಿನದ್ದು. ಸಣ್ಣ ದ್ವೀಪಕ್ಕೆ ಹೋಗಲು ನಲವತ್ತೆರಡು ಜನ ಇದ್ದೇವೆ. ಸಣ್ಣ ದ್ವೀಪದ ಪರವಾಗಿ ಒಂದು ಮಾತು ಆಡಲು ನಾವು ಎಷ್ಟು ಜನ?

ಹಡಗಿನ ಸೀಟಿನ ಸಂಗತಿಯನ್ನೂ ಇಲ್ಲೇ ಹೇಳುತ್ತೇನೆ. ದ್ವೀಪದವರಿಗೆ ಹಡಗು ಎಂದರೆ ನಮಗೆ ಬಸ್ಸು ಇದ್ದ ಹಾಗೆ. ಗರ್ಭಿಣಿಯ ತಪಾಸಣೆ, ಮಕ್ಕಳ ಕಾಲೇಜು, ಕೋರ್ಟು, ಮಯ್ಯಿತ್‌ಗೆ ಹೋಗುವುದು, ಎಲ್ಲಕ್ಕೂ ಅದೇ. ಹಡಗುಗಳು ರಿಪೇರಿಗೆ ಹೋದಾಗ ಟಿಕೆಟ್ ಸಿಗದೆ ಕೊಚ್ಚಿಯಲ್ಲಿ ದಿನಗಟ್ಟಲೆ ಕಾದವರ ಕಥೆಗಳು ಬೇಕಾದಷ್ಟಿವೆ. ನಮ್ಮ ಹಿಂದಿನ ಕೋಣೆಯಲ್ಲಿ ಮೂರು ವಾರ ಕಾದ ಆ ಕುಟುಂಬವೂ ಅಂಥದ್ದೇ. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು ದ್ವೀಪದಿಂದ ಮಂಗಳೂರಿನ ಹಳೆ ಬಂದರಿಗೆ ಸುಮಾರು ಏಳು ಗಂಟೆಯಲ್ಲಿ ಬಂದಾಗ ನಮ್ಮ ಪೇಪರುಗಳು "ಪ್ರವಾಸೋದ್ಯಮಕ್ಕೆ ಬಾಗಿಲು" ಎಂದು ಖುಷಿಪಟ್ಟವು. ಆ ಹಡಗಿನಲ್ಲಿ ಬಂದ ದ್ವೀಪದವರ ಆಸ್ಪತ್ರೆಗೆ, ಶಾಲೆಗೆ ಬಾಗಿಲು ಎಂದು ಯಾಕೆ ಯಾರಿಗೂ ಹೊಳೆಯಲಿಲ್ಲ? ಮಂಗಳೂರಿಗೆ ಅಮಿನಿ ಸುಮಾರು ಮುನ್ನೂರು ಕಿಲೋಮೀಟರ್, ಕೊಚ್ಚಿಗಿಂತ ಹತ್ತಿರ. ಆ ಹಡಗು ನಿತ್ಯ ಓಡಲಿ ಎಂದು ನಾವು ಬ್ಯಾರಿಗಳು ಒತ್ತಾಯಿಸಬೇಕು. ಒತ್ತಾಯ ನಮ್ಮ ರಜೆಗಾಗಿ ಆಗಬಾರದು, ಅವರ ರೋಗಿಗಳಿಗಾಗಿ, ಮಕ್ಕಳಿಗಾಗಿ ಆಗಬೇಕು.

ಪರಳಿ ಎಂದರೆ ಸುಮ್ಮನೆ ಒಂದು ಹೆಸರಲ್ಲ. ಬಂಗಾರಂ ಬಳಿ ಪರಳಿ ಎಂಬ ನಿರ್ಜನ ದ್ವೀಪಗಳಿದ್ದವು. ಅವುಗಳಲ್ಲಿ ಒಂದು ಸವೆದು ಸವೆದು ಸಮುದ್ರದ ಪಾಲಾಯಿತು. ಈ ದ್ವೀಪಗಳನ್ನು ಹಿಡಿದು ನಿಲ್ಲಿಸಿರುವುದು ಸುತ್ತಲಿನ ಹವಳದ ದಿಬ್ಬ. ಅದು ಜೀವಂತ ಗೋಡೆ. 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಸಮುದ್ರ ಕಾದು ಹವಳ ಬಿಳುಚಿಕೊಂಡಿತು. ಒಮ್ಮೆ ಸತ್ತ ಹವಳ ಮತ್ತೆ ಬೆಳೆಯಲು ವರ್ಷಗಳು ಬೇಕು. ಅದರ ಮೇಲೆ ಕಾಲಿಟ್ಟು ಸೆಲ್ಫಿ ತೆಗೆಯುವುದು ಕಾಯಿಲೆಯವನ ಎದೆಯ ಮೇಲೆ ನಿಲ್ಲುವುದಕ್ಕೆ ಸಮ. ಲಗೂನಿನ ಸಣ್ಣ ಮೀನೇ ಅವರ ಚೂರೆ ಹಿಡಿಯುವ ಗಾಳಕ್ಕೆ ಎರೆ. ಹವಳ ಹೋದರೆ ಎರೆ ಹೋಯಿತು, ಎರೆ ಹೋದರೆ ಮಾಸ್ ಮೀನು ಹೋಯಿತು.

"ನಾವು ಶಿಸ್ತಿನವರು, ಕಸ ಹಾಕುವುದಿಲ್ಲ" ಎನ್ನುವವರು ಮಲ್ಪೆಯಿಂದ ಆಚೆ ಕಾಣುವ ತೋನ್ಸೆಪಾರ್ ದ್ವೀಪ ನೆನಪಿಸಿಕೊಳ್ಳಲಿ. ಇಂಗ್ಲಿಷಿನಲ್ಲಿ ಸೈಂಟ್ ಮೇರೀಸ್ ಎಂದು ಕರೆಯುವುದು ಇದನ್ನೇ. ಲಾವಾ ತಣ್ಣಗಾಗಿ ನಿಂತ ಕಂಬಗಳ ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮದೇ ಊರು, ನಮ್ಮದೇ ದ್ವೀಪ. ಭಾನುವಾರದ ಸಂಜೆ ಅಲ್ಲಿ ಕುರ್‌ಕುರೆ ಪ್ಯಾಕೆಟ್ಟು, ಬಾಟಲಿ, ಮಕ್ಕಳ ಡೈಪರ್ ನೋಡದವರು ಯಾರು? 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಅಲೆಗೆ ಸಿಕ್ಕಿ ಸತ್ತರು. ಮನೆ ಮುಂದಿನ ದ್ವೀಪವನ್ನೇ ಸರಿಯಾಗಿ ನೋಡಿಕೊಳ್ಳಲು ಬಾರದವರಿಗೆ ದೂರದ ದ್ವೀಪ ಯಾಕೆ?

ಹೊರಗಿನ ದೇಶಗಳವರು ಇದನ್ನು ತಡವಾಗಿಯಾದರೂ ಕಲಿತರು. ಫಿಲಿಪ್ಪೀನ್ಸ್ ಸರ್ಕಾರ 2018ರಲ್ಲಿ ಬೋರಾಕಾಯ್ ದ್ವೀಪವನ್ನು ಆರು ತಿಂಗಳು ಮುಚ್ಚಿತು, ಚರಂಡಿ ನೇರವಾಗಿ ಸಮುದ್ರಕ್ಕೆ ಹರಿಯುತ್ತಿತ್ತು. ಅದೇ ವರ್ಷ ಥಾಯ್ಲೆಂಡ್ ಮಾಯಾ ಕೊಲ್ಲಿಯನ್ನು ಮುಚ್ಚಿ 2022ರವರೆಗೆ ತೆರೆಯಲಿಲ್ಲ. ಮಾಲ್ಡೀವ್ಸ್‌ನಲ್ಲಿ ಕಸ ಹಾಕಲು ಜಾಗವಿಲ್ಲದೆ ತಿಲಫುಶಿ ಎಂಬ ಒಂದು ದ್ವೀಪವೇ ಕಸದಿಂದ ಎದ್ದಿತು. ಅವರಿಗೆ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ, ಒಂದನ್ನು ಕಸಕ್ಕೆ ಬಿಟ್ಟರು. ಲಕ್ಷದ್ವೀಪದವರು ಯಾವುದನ್ನು ಬಿಡಬೇಕು?

ಹಾಗಾದರೆ ಹೋಗಲೇಬಾರದಾ? ಹೋಗಬಹುದು. ಆದರೆ ಪ್ಲಾನ್ ನಮ್ಮ ರಜೆಯಿಂದ ಶುರುವಾಗಬಾರದು, ಅವರ ಬಾವಿಯಿಂದ ಶುರುವಾಗಬೇಕು. ಅತಿಥಿಯ ಹಕ್ಕು ಮೂರು ದಿನ, ಮನೆಯವನಿಗೆ ಕಷ್ಟವಾಗುವಷ್ಟು ಕೂರಬಾರದು ಎಂದು ನಮಗೆ ಮದ್ರಸದಲ್ಲೇ ಕಲಿಸಿದ್ದಾರೆ. ಹರಿಯುವ ಹೊಳೆಯ ದಡದಲ್ಲೂ ವುಳೂವಿಗೆ ನೀರು ದುಂದು ಮಾಡಬೇಡಿ ಎಂದೂ ಕಲಿಸಿದ್ದಾರೆ. ಹೊಸದೇನನ್ನೂ ನಾನು ಹೇಳುತ್ತಿಲ್ಲ.

ನಲವತ್ತೆರಡು ಜನ ಒಟ್ಟಿಗೆ ಬೇಡ. ಐದಾರು ಜನ ಸಾಕು, ಉಳಿದವರು ಬೇರೆ ವರ್ಷ. ಸರ್ಕಾರ ಪ್ರವಾಸಿಗರಿಗೆ ತೆರೆದ ದ್ವೀಪಗಳಿಗೆ ಮಾತ್ರ, ಸರಿಯಾದ ಪರ್ಮಿಟ್ಟಿನಲ್ಲಿ. ರಾತ್ರಿ ಹಡಗಿನಲ್ಲೇ ಮಲಗಿ ಹಗಲು ದ್ವೀಪ ನೋಡಿ ಬರುವ ಸರ್ಕಾರಿ ಪ್ಯಾಕೇಜ್ ಹಿಂದಿನಿಂದ ನಡೆದು ಬಂದಿದೆ, ಬಾವಿಗೆ ಹೊರೆಯಾಗದ ದಾರಿ ಅದು. ದ್ವೀಪದಲ್ಲಿ ಉಳಿಯಲೇಬೇಕಾದರೆ ಅಲ್ಲಿನವರು ನಡೆಸುವ ಮನೆಯಲ್ಲಿ ಉಳಿಯಿರಿ, ದುಡ್ಡು ಅವರ ಕೈಗೇ ಹೋಗಲಿ. ಶಾಲೆ ಕಾಲೇಜು ಮುಗಿದು ದ್ವೀಪದ ಮಕ್ಕಳು ಊರಿಗೆ ಹೋಗುವ ವಾರ, ಪೆರ್ನಾಲಿನ ವಾರ ಹಡಗಿನ ಸೀಟಿಗೆ ಕೈ ಹಾಕಬೇಡಿ. ಸ್ನಾನ ಒಂದು, ಅದೂ ಬಕೆಟಿನಲ್ಲಿ. ಒಯ್ದ ಪ್ಲಾಸ್ಟಿಕ್ಕು, ಡೈಪರು ವಾಪಸು ಮಂಗಳೂರಿಗೇ ಬರಲಿ. ಹೆಂಗಸರ, ಮನೆಗಳ ಫೋಟೋ ಕೇಳದೆ ತೆಗೆಯಬೇಡಿ. ಮತ್ತು ದಯವಿಟ್ಟು, ಯಾರಿಗೂ ಗೊತ್ತಿಲ್ಲದ ಸಣ್ಣ ದ್ವೀಪದ ರೀಲ್ ಹಾಕಬೇಡಿ. ಇಂದು ನೀವು ತೋರಿಸಿದ ದಾರಿಯಲ್ಲಿ ಮುಂದಿನ ಡಿಸೆಂಬರ್‌ಗೆ ಇನ್ನೂ ನೂರು ಗ್ರೂಪುಗಳು ಹೊರಡುತ್ತವೆ.

ಇದಕ್ಕೂ ಮೊದಲಿನ ಕೆಲಸ ಒಂದಿದೆ, ಅದಕ್ಕೆ ಪರ್ಮಿಟ್ ಬೇಡ. ದ್ವೀಪದವರು ಮಂಗಳೂರಿಗೆ ಬರುತ್ತಲೇ ಇದ್ದಾರೆ, ಆಸ್ಪತ್ರೆಗೆ, ಓದಲಿಕ್ಕೆ, ಸಾಮಾನು ಕೊಳ್ಳಲಿಕ್ಕೆ. ನಮ್ಮ ಜಮಾಅತ್‌ಗಳಿಗೆ ಮದುವೆ ಹಾಲ್ ಕಟ್ಟಲು ದುಡ್ಡು ಸಿಗುತ್ತದೆ. ಹಡಗು ತಪ್ಪಿದ ದ್ವೀಪದ ರೋಗಿಗೆ, ಅವರ ಜೊತೆಗೆ ಬಂದವರಿಗೆ ಬಂದರಿನ ಹತ್ತಿರ ನಾಲ್ಕು ಕೋಣೆ ಇಡಲು ಆಗುವುದಿಲ್ಲವಾ? ಮೊದಲು ಅವರಿಗೆ ಆತಿಥ್ಯ ಕೊಟ್ಟು ನೋಡೋಣ. ಆಮೇಲೆ ಅವರೇ "ಒಮ್ಮೆ ನಮ್ಮಲ್ಲಿಗೂ ಬನ್ನಿ" ಎಂದು ಕರೆದರೆ, ಆ ಕರೆಗೆ ಹೋಗುವುದೇ ನಿಜವಾದ ಪ್ರವಾಸ. ಗುಡ್ಡಾಪುರದ ಈ ತಾಯಿಗೆ ದಾನಮ್ಮ ಎಂಬ ಹೆಸರು ಬಂದದ್ದು ಕೊಟ್ಟದ್ದಕ್ಕೆ. ಹದಿಮೂರು ವರ್ಷ ಅವಳ ಊರಿನ ನೀರು ಕುಡಿದ ನನಗೆ ಇಷ್ಟಾದರೂ ತಿಳಿಯಬೇಡವೇ?

ಅಳಿಯನಿಗೆ ನನ್ನ ಉತ್ತರ ಇದು. ಮೋನೆ, ನಿನ್ನ ಪಟ್ಟಿಯಿಂದ ನನ್ನ ಹೆಸರು ತೆಗೆದಿರು. ಬಂದರಿನ ಮನೆಯ ಹಿಂದಿನ ಆ ಎರಡು ಕೋಣೆ ಈಗ ಗೋಡೌನ್ ಆಗಿ ಬಿದ್ದಿದೆ. ಈ ಡಿಸೆಂಬರ್‌ನಲ್ಲಿ ನಾನು ಅಲ್ಲಿಗೆ ಬಂದು ಸುಣ್ಣ ಬಳಿಸಿ, ನೀರಿನ ಪೈಪ್ ಸರಿ ಮಾಡಿಸುತ್ತೇನೆ. ದ್ವೀಪದ ರೋಗಿಗಳ ಮನೆಯವರಿಗೆ ಬಾಡಿಗೆ ಇಲ್ಲದೆ ಕೊಡುವುದು ನನ್ನ ಆಸೆ. ನಲವತ್ತೆರಡು ಟಿಕೆಟಿನ ದುಡ್ಡಿನಲ್ಲಿ ಒಂದು ಟಿಕೆಟಿನಷ್ಟನ್ನು ಇದಕ್ಕೆ ಕಳಿಸು. ನೀರಿಗೆ ಈ ಸಲ ಯಾರೂ ಕಾಸು ಕೇಳುವುದಿಲ್ಲ.